ಖಾಲಿ ಡಬ್ಬದ ಹುಚ್ಚು

ಬಿನಾಕಾ ಟೂತ್‌ಪೇಸ್ಟಿನ ಜೊತೆ ಪ್ಲಾಸ್ಟಿಕ್ಕಿನ ಪುಟ್ಟ ಪ್ರಾಣಿಯೊಂದು ಪುಕ್ಕಟೆ ಬರುತ್ತಿದ್ದ ಕಾಲವಿತ್ತು. ದೊಡ್ಡವರಿಗೆ ಬಿನಾಕಾ ಎಂದರೆ 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ಅಮೀನ್ ಸಯಾನಿಯವರ ಗೀತಮಾಲಾ. ಮಕ್ಕಳಿಗೆ ಡಬ್ಬ ಅಲ್ಲಾಡಿಸಿದಾಗ ಒಳಗಿನಿಂದ ಬರುವ ಲೊಡಲೊಡ ಸದ್ದು. ಬೇವಿನ ಕಡ್ಡಿಯಲ್ಲೋ ಇದ್ದಿಲ ಪುಡಿಯಲ್ಲೋ ಹಲ್ಲುಜ್ಜಿಕೊಂಡು ಸುಖವಾಗಿದ್ದ ನಮ್ಮ ಮಧುಗಿರಿ ಸೀಮೆಯ ಪುರವರದ ಕಡೆಯ ಮನೆಗಳಿಗೆ ಪೇಸ್ಟು ಕಾಲಿಟ್ಟದ್ದು ಹಲ್ಲಿನ ಕಾಳಜಿಯಿಂದಲ್ಲ, ಈ ಸದ್ದಿನಿಂದ ಎಂದು ನನ್ನ ಗುಮಾನಿ.

ಆ ಪ್ರಾಣಿಗಳು ಈಗಲೂ ಸಿಗುತ್ತವೆ. ಅಟ್ಟದ ಮೇಲಿನ ಟ್ರಂಕಿನಲ್ಲಿ, ಅಜ್ಜಿಯ ಗುಂಡಿ-ದಾರದ ಡಬ್ಬಿಯಲ್ಲಿ, ಗುಜರಿ ಅಂಗಡಿಯ ಮೂಟೆಯ ತಳದಲ್ಲಿ. ಸಿಗದಿರುವುದು ಅವು ಬಂದ ಡಬ್ಬ. ನಾನು ಬಿದ್ದಿರುವುದು ಅದರ ಹಿಂದೆ. ಗುಜರಿಯವನಿಗೆ ಇದು ಇವತ್ತಿಗೂ ಬಗೆಹರಿದಿಲ್ಲ. “ಗೊಂಬೆ ತಗಳಿ ಸಾರ್, ರಟ್ಟು ಯಾಕೆ? ರಟ್ಟನ್ನ ಕೆಜಿ ಲೆಕ್ಕದಲ್ಲಿ ಹಾಕ್ತೀನಿ” ಅನ್ನುತ್ತಾನೆ. ಹಾಗೆ ತೂಗಿಸಿಕೊಳ್ಳಲು ನನ್ನದೇನೂ ತಕರಾರಿಲ್ಲ.

ಡಬ್ಬ ಯಾಕೆ ಉಳಿಯಲಿಲ್ಲ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಬಚ್ಚಲಿನ ಹಂಡೆ ಒಲೆ. ತೆಂಗಿನ ಗರಿ ಹಸಿಯಿದ್ದ ದಿನ ಒಲೆ ಹೊತ್ತಿಸಲು ಒಣಗಿದ ರಟ್ಟಿನಷ್ಟು ಒಳ್ಳೆಯದು ಬೇರೆ ಯಾವುದಿದೆ? ನಮ್ಮ ಸೀಮೆಯ ಆಟಿಕೆ ಚರಿತ್ರೆಯ ಮುಕ್ಕಾಲು ಪಾಲು ಸ್ನಾನದ ಬಿಸಿನೀರಾಗಿ ಹರಿದು ಹೋಗಿದೆ.

ಹೊರದೇಶದ ಸಂಗ್ರಹಕಾರರ ಸಂಕಟ ಬೇರೆ ಥರದ್ದು. ಅಲ್ಲಿ ಗೊಂಬೆಯನ್ನು ಗೊಂಬೆಯಾಗಿಯೇ ಮಾಡಿ, ಅದರದೇ ಚಿತ್ರ ಹಾಕಿದ ರಟ್ಟಿಗೆ ಅಂಟಿಸಿ ಮಾರಿದರು. ತೆರೆಯದ ಪೊಟ್ಟಣಕ್ಕೆ ಬೆಲೆ, ತೆರೆದರೆ ಹೋಯಿತು. 1977ರಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಜಯಭೇರಿ ಬಾರಿಸಿದರೂ ಕ್ರಿಸ್‌ಮಸ್ ಹೊತ್ತಿಗೆ ಗೊಂಬೆಗಳು ತಯಾರಿರಲಿಲ್ಲ. ಕೆನ್ನರ್ ಕಂಪನಿ ಏನು ಮಾಡಿತು? ಗೊಂಬೆಯಿಲ್ಲದ ರಟ್ಟಿನ ಪೊಟ್ಟಣವನ್ನೇ ಮಾರಿತು. ಒಳಗೊಂದು ಚೀಟಿ, ಅದನ್ನು ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಮನೆಗೆ. ಜನ ಕೊಂಡರು! ಖಾಲಿ ಡಬ್ಬ ಕೂಡಿಡುವವನೆಂದು ನನ್ನನ್ನು ನೋಡಿ ನಗುವ ನೆಂಟರಿಗೆಲ್ಲ ಈ ಕತೆ ಹೇಳಿ ಮುಗಿಸಿದ್ದೇನೆ.

ನಮ್ಮಲ್ಲಿ ಗೊಂಬೆಯನ್ನು ರಟ್ಟಿಗೆ ಅಂಟಿಸಿ ಮಾರುವ ಪದ್ಧತಿ ಬಂದದ್ದು ತಡವಾಗಿ. ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೋ ಸೇರಿ ಕಟ್ಟಿದ ಫನ್‌ಸ್ಕೂಲ್ 1987ರಲ್ಲಿ ಶುರುವಾಗಿ, ಜಿ.ಐ. ಜೋ ಸೈನಿಕರನ್ನು ರಟ್ಟಿನ ಮೇಲೆ ಕೂರಿಸಿ ಮಾರಿತು. ಮೂಲದಲ್ಲಿಲ್ಲದ ಬಣ್ಣಗಳನ್ನು ಅವಕ್ಕೆ ಬಳಿದಿದ್ದರಿಂದ ಈಗ ಅಮೆರಿಕದವರೇ ಇಲ್ಲಿಯವನ್ನು ಹುಡುಕುತ್ತಾರೆ. ಅವು ಪೇಟೆ ಮಕ್ಕಳ ಪಾಲು. ಮಧುಗಿರಿ ಸೀಮೆಯಲ್ಲಿ ಗೊಂಬೆ ಬಂದರೆ ಪೇಸ್ಟಿನ ಜೊತೆ ಬರಬೇಕು, ಇಲ್ಲವೇ ದಂಡಿನ ಮಾರಮ್ಮನ ಜಾತ್ರೆಯಿಂದ ಬರಬೇಕು. ಜಾತ್ರೆಯದಾದರೆ ಪಾಲಿಥೀನ್ ಚೀಲ, ಬಾಯಿಗೊಂದು ಮಡಿಚಿದ ಬಣ್ಣದ ಚೀಟಿ, ಎರಡು ಸ್ಟೇಪಲ್ ಪಿನ್ನು. ಆ ಪಿನ್ನು ತುಕ್ಕು ಹಿಡಿದು ಚೀಟಿಯ ಮೇಲೆ ಕೆಂಪು ಕಲೆ ಮಾಡಿದ್ದರೆ ನನಗೆ ಸಂತೋಷ. ಯಾರೂ ಬಿಚ್ಚಿಲ್ಲವೆಂದು ಗೊತ್ತಾಗುತ್ತದಲ್ಲ.

ಗೊಂಬೆ ಬಾಯಿ ಬಿಡುವುದಿಲ್ಲ, ಡಬ್ಬ ಬಿಡುತ್ತದೆ. ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ ಅದು 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಬಾಂಬೆಯ ಪಕ್ಕ ಒಂದೆರಡು ಅಂಕಿಯಷ್ಟೇ ಇದ್ದರೆ ಹಳೆಯದಿರಬೇಕು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲವೇ ಅಲ್ಲ. ಬೆಂಗಳೂರಿನ ತಯಾರಿಕೆಯಾಗಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿನ ಈಚೆಗೆ ಬರುವಂತಿಲ್ಲ, ಹಳೆ ರಟ್ಟು ಖರ್ಚು ಮಾಡುವ ಜಿಪುಣ ಮಾಲೀಕನಲ್ಲದಿದ್ದರೆ. ಬೆಲೆಯ ಕೆಳಗೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ನಮೂದಿಸಬೇಕೆಂಬ 1990ರ ನಿಯಮಕ್ಕೆ ಮುಂಚಿನದು. ಭೂತಗನ್ನಡಿ ಹಿಡಿದು ಇಷ್ಟನ್ನು ಬಿಡಿಸಿ ಕೂತಾಗ ಊಟಕ್ಕೆ ಕರೆದರೂ ಕೇಳಿಸದು.

ಗೊಂಬೆಯನ್ನೂ ಪರೀಕ್ಷಿಸುವ ದಾರಿಗಳಿವೆ ಅನ್ನಿ. ಲೋಟದ ನೀರಿಗೆ ಹಾಕಿ. ತೇಲಿದರೆ ಪಾಲಿಥೀನ್, ಉಗುರು ತಾಕಿದರೆ ಮೇಣದ ಹಾಗೆ ಜಾರುತ್ತದೆ. ಗಟ್ಟಿ ಗೊಂಬೆ ಮುಳುಗಿ, ತಟ್ಟಿದಾಗ ಟಣ್ಣೆಂದರೆ ಪಾಲಿಸ್ಟೈರೀನ್ ಇರಬೇಕು. ಅದು ಬಲು ನಾಜೂಕು. ನುಸಿಗುಳಿಗೆಯ ಆವಿ ತಾಗಿದರೂ ಮೈ ಕರಗಿಸಿಕೊಳ್ಳುತ್ತದೆ. ಆದ್ದರಿಂದ ನನ್ನ ಬೀರುವಿನಲ್ಲಿ ಒಣಗಿದ ಬೇವಿನ ಎಲೆ. ಮೆತ್ತನೆಯ ಪಿವಿಸಿಯಾದರೆ ವರ್ಷ ಕಳೆದಂತೆ ಅದನ್ನು ಮೆತ್ತಗಿಟ್ಟಿದ್ದ ಎಣ್ಣೆ ಹೊರಗೆ ಜಿನುಗಿ ಮೈಯೆಲ್ಲ ಅಂಟಂಟು. ಇಂಥ ಗೊಂಬೆ ಅದರದೇ ಡಬ್ಬದ ಬಣ್ಣವನ್ನು ಮೈಗೆ ಹಚ್ಚಿಕೊಂಡು ಕೂತಿರುವುದನ್ನು ನೋಡಿದ್ದೇನೆ. ಬಿಡಿಸಿದರೆ ಎರಡೂ ಹಾಳು. ಎರಡನ್ನೂ ಕೆಡಿಸುವುದು ಸೆಲ್ಲೋಟೇಪು ಮತ್ತು ರಬ್ಬರ್ ಬ್ಯಾಂಡು. ಇವನ್ನು ಕಂಡುಹಿಡಿದವರ ಮೇಲೆ ನನಗೆ ವೈಯಕ್ತಿಕ ದ್ವೇಷವಿದೆ.

ನನ್ನ ಸಂಗ್ರಹಕ್ಕೆ ಮನೆಯಲ್ಲಿ ಗೌರವ ಬರುವುದು ನವರಾತ್ರಿಯಲ್ಲಿ ಮಾತ್ರ. ಮೇಲಿನ ಮೆಟ್ಟಿಲಲ್ಲಿ ರೇಷ್ಮೆ ಉಟ್ಟ ಪಟ್ಟದ ಗೊಂಬೆಗಳು, ಕೆಳಗೆ ಚನ್ನಪಟ್ಟಣದ ಮರದವು. ನೆಲದ ಮೇಲೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಕೆಲವೇ ದಿನಕ್ಕೆ ಹಸುರು ಕಾಡು. ಆ ಕಾಡಿಗೆ ಬಿನಾಕಾದ ಆನೆಯೇ ಬೇಕು, ಅಳತೆ ಅಷ್ಟು ಸರಿಯಾಗಿ ಕೂರುತ್ತದೆ. “ಡಬ್ಬಾನೂ ಇಡೋ, ಆನೆಗೆ ಮನೆ ಆಗ್ತದೆ” ಎಂದು ಅಮ್ಮ ಕೆಣಕುತ್ತಾಳೆ. ರಾಗಿಗೆ ಹಾಕುವ ನೀರು ಸೋಕಿದರೆ ರಟ್ಟಿನ ಗತಿಯೇನು? ಇಡುವುದಿಲ್ಲ.

ಸದ್ಯಕ್ಕೆ ನನ್ನ ನಿದ್ದೆ ಕೆಡಿಸಿರುವುದು ಮಧುಗಿರಿಯ ಗಲ್ಲಿಯೊಂದರ ಹಳೇ ಪೆಟ್ಟಿಗೆ ಅಂಗಡಿಯಲ್ಲಿ ತೂಗುಬಿದ್ದಿರುವ ಲಾಟರಿ ರಟ್ಟು. ಕಾಸು ಕೊಟ್ಟು ಚೀಟಿ ಹರಿದು, ನಂಬರು ಬಂದರೆ ಬೊಂಬೆ, ಬಾರದಿದ್ದರೆ ಬೆಪ್ಪು ಮುಖ. ಮೇಲ್ತುದಿಯ ದೊಡ್ಡ ಪ್ಲಾಸ್ಟಿಕ್ ಕುದುರೆ ಸವಾರ ಇನ್ನೂ ಯಾರಿಗೂ ಹೊಡೆದಿಲ್ಲ. ಅಂಥವು ಎಂದೂ ಯಾರಿಗೂ ಹೊಡೆಯುತ್ತಿರಲಿಲ್ಲ ಎಂಬುದು ನಮ್ಮ ತಲೆಮಾರಿಗೆಲ್ಲ ಗೊತ್ತು. ಅಂಗಡಿಯ ಯಜಮಾನರನ್ನು ಇಡೀ ರಟ್ಟಿಗೇ ಬೆಲೆ ಕೇಳಿದೆ.

“ರಟ್ಟು ಕೊಡಾದಿಲ್ಲ ಸ್ವಾಮಿ. ಬೇಕಾದ್ರೆ ಚೀಟಿ ಹರೀರಿ. ಒಂದಕ್ಕೆ ಹತ್ತು ರೂಪಾಯಿ.”

“ಚೀಟಿ ಹರಿದ್ರೆ ರಟ್ಟು ಕೆಡುತ್ತಲ್ಲ ಯಜಮಾನ್ರೆ?”

“ಕೆಟ್ರೆ ಕೆಡ್ಲಿ. ಅದಿರಾದೇ ಹರಿಯಾಕೆ.”

ಈಚೆಗೆ ಹೋದಾಗ ಚೀಟಿಯ ಬೆಲೆ ಹದಿನೈದಕ್ಕೇರಿತ್ತು.