ಇಪ್ಪತ್ನಾಲ್ಕು ಬಾಗಿಲು, ಮೂರು ಜನ

'ಜರ್ಮನಿಯಿಂದ ಏನಾದ್ರೂ ಬರೆದು ಕಳಿಸ್ರಪ್ಪಾ' ಅಂತ ಕ್ಲಬ್ಬಿನವರು ಕೇಳಿದಾಗ ನಾವು ಮೂವರೂ ಮೊದಲು ಯೋಚಿಸಿದ್ದು ಕಾರ್ ಫ್ಯಾಕ್ಟರಿ ಬಗ್ಗೆ. ಸ್ಟುಟ್‌ಗಾರ್ಟ್‌ಗೆ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಬಂದವರು ಇನ್ನೇನು ಬರೀಬೇಕು? ಆದರೆ ನಿಜ ಹೇಳಬೇಕಂದ್ರೆ, ಡಿಸೆಂಬರ್ ತಿಂಗಳಲ್ಲಿ ನಾವು ಅತಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಕಾರಿನ ಬಗ್ಗೆ ಅಲ್ಲ, ಒಂದು ರಟ್ಟಿನ ಡಬ್ಬಿ ಬಗ್ಗೆ.

ಹೆಸರು ಬೇಡ. ಹಾಸ್ಟೆಲ್‌ನಲ್ಲಿ ಕರೀತಿದ್ದ ಹಾಗೆ ಇಲ್ಲೂ ಊರಿನ ಹೆಸರೇ ಇರಲಿ. ಸಿವಿಲ್‌ನವನು ಮಂಡ್ಯ, ಮೆಕ್ಯಾನಿಕಲ್‌ನವನು ಹುಬ್ಬಳ್ಳಿ, ಕಂಪ್ಯೂಟರ್ ಸೈನ್ಸ್‌ನವನು ಶಿರಸಿ.

ಇಲ್ಲಿಯ ಜನ ತಮಗೆ ಬೇಡವಾದ ಸಾಮಾನನ್ನು ಒಂದು ಡಬ್ಬಿಗೆ ತುಂಬಿ, 'ತ್ಸು ಫೆರ್‌ಷೆಂಕೆನ್' ಅಂತ ಚೀಟಿ ಅಂಟಿಸಿ ಮನೆ ಮುಂದೆ ಇಡ್ತಾರೆ. ಅಂದ್ರೆ, ಬೇಕಾದವರು ಸುಮ್ಮನೆ ತಗೊಂಡು ಹೋಗಿ ಅಂತ. ನಮ್ಮ ಅಡುಗೆಮನೆಯ ಅರ್ಧ ಪಾತ್ರೆ ಬಂದಿದ್ದು ಹಾಗೇ. ನವೆಂಬರ್ ಕೊನೆಯಲ್ಲಿ ಅಂಥದ್ದೇ ಡಬ್ಬಿಯೊಂದರಲ್ಲಿ ಸಿಕ್ಕಿತು ಈ ಅಡ್ವೆಂಟ್ ಕ್ಯಾಲೆಂಡರ್. ಕ್ರಿಸ್‌ಮಸ್‌ಗೆ ದಿನ ಎಣಿಸೋ ಆಟಿಕೆ. ಮುಂದೆ 1ರಿಂದ 24ರವರೆಗೆ ನಂಬರ್ ಹಾಕಿದ ಪುಟ್ಟ ಪುಟ್ಟ ಬಾಗಿಲು. ದಿನಕ್ಕೊಂದು ಬಾಗಿಲು ತೆಗೀಬೇಕು. ಒಳಗೆ ನಾಲ್ಕಾರು ಪ್ಲಾಸ್ಟಿಕ್ ಇಟ್ಟಿಗೆ, ಜೋಡಿಸಿದರೆ ಒಂದು ಗೊಂಬೆಯೋ ಗಾಡಿಯೋ ಆಗುತ್ತೆ. ನಮ್ಮದು ಸೆಕೆಂಡ್ ಹ್ಯಾಂಡ್. ಯಾರೋ ಹಿಂದಿನ ವರ್ಷ ಆಡಿ ಮುಗಿಸಿ, ಎಲ್ಲವನ್ನೂ ವಾಪಸ್ ತುಂಬಿ, ಬಾಗಿಲಿಗೆಲ್ಲ ಟೇಪ್ ಹಚ್ಚಿದ್ದರು.

ರೂಮಿನಲ್ಲಿ ಆಗಲೇ ಒಂದು ಕೌಂಟ್‌ಡೌನ್ ಇತ್ತು. ಹುಬ್ಬಳ್ಳಿ ತನ್ನ ಮಂಚದ ಪಕ್ಕ ಒಂದು ಬಿಳಿ ಹಾಳೆ ಅಂಟಿಸಿದ್ದ. ಅದರ ಮೇಲೆ ಪೆನ್ಸಿಲ್‌ನಲ್ಲಿ 'ಊರಿಗೆ' ಅಂತ ಬರೆದು ಒಂದು ನಂಬರ್. ನಮ್ಮ ರಿಟರ್ನ್ ಟಿಕೆಟ್ ಫೆಬ್ರವರಿ 28ಕ್ಕೆ. ದಿನಾ ರಾತ್ರಿ ಹಳೇ ನಂಬರ್ ಅಳಿಸಿ ಹೊಸದು ಬರೀತಿದ್ದ. ಮೊದಮೊದಲು ನಾವು ನಗ್ತಿದ್ವಿ. ಆಮೇಲೆ ಅವನು ಲ್ಯಾಬಿಗೆ ಹೋಗೋದು ಬಿಟ್ಟ. ಅಮೇಲೆ ಊಟಕ್ಕೆ ಕರೆದರೆ 'ಹಸಿವಿಲ್ಲ' ಅನ್ನೋಕೆ ಶುರು ಮಾಡಿದ. ಒಂದು ರಾತ್ರಿ ಅವನ ಲ್ಯಾಪ್‌ಟಾಪ್ ಸ್ಕ್ರೀನ್ ಕಣ್ಣಿಗೆ ಬಿತ್ತು: ಟಿಕೆಟ್ ದಿನಾಂಕ ಹಿಂದಕ್ಕೆ ಹಾಕಿಸಿಕೊಂಡ್ರೆ ದಂಡ ಎಷ್ಟು ಅಂತ ನೋಡ್ತಿದ್ದ. ಮಧ್ಯದಲ್ಲಿ ಬಿಟ್ಟು ಹೋದರೆ ಕ್ರೆಡಿಟ್ಸ್ ಇಲ್ಲ, ಆ ಸೆಮಿಸ್ಟರ್ ಪೂರ್ತಿ ಹೋದ ಹಾಗೆ. ಅದು ಅವನಿಗೂ ಗೊತ್ತಿತ್ತು.

ನಮಗೆ ಬುದ್ಧಿಮಾತು ಹೇಳೋಕೆ ಬರಲ್ಲ. ಕ್ಯಾಲೆಂಡರ್ ತಂದು ಮೇಜಿನ ಮೇಲೆ ಇಟ್ಟೆವು, ಅಷ್ಟೇ. ಯಾರು ಯಾವ ಬಾಗಿಲು ತೆಗೀಬೇಕು ಅನ್ನೋದಕ್ಕೆ ಶಿರಸಿ ಒಂದು ಸಾಲಿನ ಅಲ್ಗಾರಿದಮ್ ಬರೆದ. ತಾರೀಖನ್ನು ಮೂರರಿಂದ ಭಾಗಿಸಿ, ಶೇಷ 1 ಬಂದರೆ ಮಂಡ್ಯ, 2 ಬಂದರೆ ಹುಬ್ಬಳ್ಳಿ, 0 ಬಂದರೆ ಶಿರಸಿ.

ಡಿಸೆಂಬರ್ 1. ಮಂಡ್ಯ ತೆಗೆದ. ಒಂದು ಕೈಗಾಡಿ, ಆದರೆ ಒಂದೇ ಚಕ್ರ. 'ಇನ್ನೊಂದು ಚಕ್ರ ಎಲ್ಲಿ ಮಡಗವ್ರೆ?' ಅಂತ ಡಬ್ಬಿ ಅಲ್ಲಾಡಿಸಿ ನೋಡಿದ. ಚಕ್ರದಿಂದ ನೆನಪಾಯ್ತು: ಇಲ್ಲಿ ಮೇಜಿನ ಮೇಲೆ ನಾಲ್ಕು ಮೇಣದಬತ್ತಿಯ ಹಸಿರು ಬಳೆ ಇಟ್ಟು, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದಾಗಿ ಹಚ್ತಾರಲ್ಲ, ಅದು ಶುರುವಾಗಿದ್ದು ನಿಜವಾದ ಗಾಡಿ ಚಕ್ರದಿಂದ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಷ್ ವಿಖೆರ್ನ್ ಅನ್ನೋರಿಗೆ ಮಕ್ಕಳು 'ಕ್ರಿಸ್‌ಮಸ್ ಯಾವಾಗ?' ಅಂತ ದಿನಾ ಪೀಡಿಸ್ತಿದ್ದರಂತೆ. ಅವರು ಒಂದು ಚಕ್ರ ತಗೊಂಡು ಅದರ ಮೇಲೆ ಭಾನುವಾರಕ್ಕೆ ದೊಡ್ಡ ಬತ್ತಿ, ಬೇರೆ ದಿನಕ್ಕೆ ಚಿಕ್ಕ ಬತ್ತಿ ನಿಲ್ಲಿಸಿ ದಿನಕ್ಕೊಂದು ಹಚ್ಚಿಸಿದರು. ಕೇಳುವ ಬಾಯಿಗಳು ಜಾಸ್ತಿಯಾದಾಗ ಡಿಸ್‌ಪ್ಲೇ ಬೋರ್ಡ್ ಹಾಕಿದ ಹಾಗೆ.

ಡಿಸೆಂಬರ್ 2. ಹುಬ್ಬಳ್ಳಿ ಸರದಿ. 'ನೀವಾ ತಗೀರಲೇ' ಅಂದು ಹೊದ್ದು ಮಲಗಿದ. ನಾವೇ ತೆಗೆದೆವು. ಒಂದು ಮರ.

ಡಿಸೆಂಬರ್ 4. ಇಲ್ಲಿ ಸಂತ ಬಾರ್ಬರಾ ದಿನ. ಚೆರ್ರಿ ಮರದ ಒಣ ಕೊಂಬೆ ಕತ್ತರಿಸಿ ನೀರಲ್ಲಿ ಇಟ್ಟರೆ ಕ್ರಿಸ್‌ಮಸ್ ಹೊತ್ತಿಗೆ ಹೂ ಬಿಡುತ್ತೆ ಅನ್ನೋ ಪದ್ಧತಿ. ಬಾರ್ಬರಾ ಗಣಿ ಕೆಲಸದವರಿಗೂ ಸುರಂಗ ಕೊರೆಯೋರಿಗೂ ದೇವತೆ ಇದ್ದ ಹಾಗೆ. ಸುರಂಗದ ಬಾಯಲ್ಲಿ ಅವಳ ಮೂರ್ತಿ ಇಟ್ಟೇ ಕೆಲಸ ಶುರು ಮಾಡೋದು. ಸಿವಿಲ್‌ನವನಿಗೆ ಖುಷಿಯೋ ಖುಷಿ, 'ನಮ್ ಬ್ರಾಂಚ್‌ಗೂ ಒಬ್ಳು ದೇವ್ರವ್ಳೆ ಕಣ್ಲಾ!' ಅಂತ. ಈ ಊರಲ್ಲಿ ಹೊಸ ಭೂಗತ ರೈಲು ನಿಲ್ದಾಣದ ಕೆಲಸ 2010ರಲ್ಲಿ ಶುರುವಾಯ್ತು. 2019ಕ್ಕೆ ಮುಗೀಬೇಕಿತ್ತು, ತಾರೀಖು ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. ಮುಂದಕ್ಕೆ ಓಡೋ ಕೌಂಟ್‌ಡೌನ್ ನಮ್ಮ ದೇಶದಲ್ಲಿ ಮಾತ್ರ ಇರೋದು ಅಂದುಕೊಂಡಿದ್ವಿ. ಸಮಾಧಾನ ಆಯ್ತು. ನಾವೂ ಒಂದು ಕೊಂಬೆ ತಂದು ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ಹಾಕಿ ಇಟ್ಟೆವು.

ಡಿಸೆಂಬರ್ 6. ನಿಕೊಲಾಸ್ ದಿನ. ಹಿಂದಿನ ರಾತ್ರಿ ಮಕ್ಕಳು ಬೂಟು ಪಾಲಿಶ್ ಮಾಡಿ ಬಾಗಿಲ ಹೊರಗೆ ಇಟ್ಟರೆ ಬೆಳಿಗ್ಗೆ ಅದರಲ್ಲಿ ಚಾಕಲೇಟು, ಕಿತ್ತಳೆ ಇರುತ್ತೆ. ಶಿರಸಿ ತನ್ನ ಸ್ಪೋರ್ಟ್ಸ್ ಶೂ ಇಟ್ಟು ನೋಡಿದ. ಬೆಳಿಗ್ಗೆ ಶೂ ಒಳಗೆ ಒಂದು ಚೀಟಿ ಇತ್ತು. ಶೂ ದಯವಿಟ್ಟು ಒಳಗಿಡಿ, ವಾಸನೆ ಬರ್ತಿದೆ ಅಂತ ಜರ್ಮನ್‌ನಲ್ಲಿ ಬರೆದಿತ್ತು. ನಿಕೊಲಾಸ್ ಅಕ್ಷರ ಅಂತೂ ಚೆನ್ನಾಗಿದೆ.

ಡಿಸೆಂಬರ್ 9. ಬಾಗಿಲ ಹಿಂದೆ ಜೋಡಿಸೋ ಚಿತ್ರ ಇರಬೇಕು, ಇದರದ್ದು ಹರಿದು ಹೋಗಿತ್ತು. ಏಳು ಇಟ್ಟಿಗೆ, ಒಂದು ಪೈಪು. ಶಿರಸಿ ಅದನ್ನು ಕಾಫಿ ಮಷೀನ್ ಅಂದ. ಮಂಡ್ಯ ಬಿಚ್ಚಿ ಮತ್ತೆ ಜೋಡಿಸಿ, 'ಪಂಪ್‌ಸೆಟ್ ಕಣ್ಲಾ, ಕಾಣಾಕಿಲ್ವಾ?' ಅಂದ. ಅರ್ಧ ಗಂಟೆ ಜಗಳ. ಮಲಗಿದ್ದಲ್ಲಿಂದಲೇ ಹುಬ್ಬಳ್ಳಿ ಒಮ್ಮೆ ತಿರುಗಿ ನೋಡಿದ. ಏನೂ ಹೇಳಲಿಲ್ಲ. ಹಾಳೆ ಮೇಲಿನ ನಂಬರ್ 81.

ಡಿಸೆಂಬರ್ 14. ಭಾನುವಾರ. ಹುಬ್ಬಳ್ಳಿಯನ್ನು ಎಳೆದುಕೊಂಡೇ ಎಸ್‌ಲಿಂಗನ್‌ಗೆ ಹೋದೆವು. ಲೋಕಲ್ ಟ್ರೇನ್‌ನಲ್ಲಿ ಹತ್ತಿರದ ಊರು. ಅಲ್ಲಿಯ ಕ್ರಿಸ್‌ಮಸ್ ಸಂತೆಯಲ್ಲಿ ಒಂದು ಭಾಗ ಪೂರ್ತಿ ಮಧ್ಯಯುಗದ ಥರ: ಕಮ್ಮಾರ, ಬುಟ್ಟಿ ಹೆಣೆಯೋರು, ಹಳೇ ಕಾಲದ ವೇಷ. ಬಿಸಿ ಹಣ್ಣಿನ ಪಾನಕ ಕುಡಿದು, ಮಗ್ ವಾಪಸ್ ಕೊಟ್ಟು ಡೆಪಾಸಿಟ್ ಇಸ್ಕೊಂಡೆವು. ಆದರೆ ನಾವು ಹೋಗಿದ್ದಕ್ಕೆ ಇನ್ನೊಂದು ಕಾರಣ ಇತ್ತು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಇದೇ ಊರಲ್ಲಿ, 1881ರಲ್ಲಿ. ಕನ್ನಡ ಕ್ಲಬ್ಬಿನವರು ಅಂದಮೇಲೆ ಅಷ್ಟಾದರೂ ಗೊತ್ತಿರಬೇಕಲ್ಲ. ಶಿರಸಿ ಸಂದರ್ಭ ನೋಡಿ ಶುರು ಮಾಡಿದ: 'ನೋಡು ಮಾರಾಯ, ಆ ಮನುಷ್ಯ ಈ ಕಡೆಯಿಂದ ಬಂದು ನಮ್ಮಲ್ಲಿ ಅಷ್ಟು ವರ್ಷ ಇದ್ದ, ಕನ್ನಡ ಕಲ್ತ. ನಿಂಗೆ ಐದು ತಿಂಗಳು ಆಗ್ತಿಲ್ವನಾ?'

ಹುಬ್ಬಳ್ಳಿ ತಣ್ಣಗೆ ಹೇಳಿದ: 'ಅವಾಗ ವಿಮಾನ ಇದ್ದಿಲ್ಲಲೇ. ಅದಕ್ಕ ಕುಂತಾನ ಅಂವಾ.'

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಂಜೆ ನಾಲ್ಕೂವರೆಗೇ ಕತ್ತಲು. ಟ್ರೇನ್‌ನಲ್ಲಿ ಮೂವರೂ ಸುಮ್ಮನೆ ಬಂದೆವು.

ಡಿಸೆಂಬರ್ 17. ಶೇಷ 2. ಹುಬ್ಬಳ್ಳಿ ಸರದಿ. ಅವತ್ತು ಯಾಕೋ ತಾನೇ ಎದ್ದು ಬಂದು ಟೇಪ್ ಕಿತ್ತ. ಒಳಗೆ ಏನೂ ಇಲ್ಲ. ಬೆರಳು ಹಾಕಿ ನೋಡಿದ, ಖಾಲಿ. ಹಿಂದಿನ ಮನೆಯವರು ಆ ಆಟಿಕೆ ಕಳೆದುಕೊಂಡಿರಬೇಕು. ಒಬ್ಬನೇ ನಕ್ಕ. 'ನನ್ನ ಪಾಲಿಗೆ ಇದಾ ಬರಬೇಕು' ಅಂದು ಹೋಗಿ ಮಲಗಿದ. ಹಾಳೆ ಮೇಲೆ 73.

ನಮಗೆ ಅವತ್ತು ಕ್ಲಾಸಿಗೆ ಹೋಗೋಕೂ ಮನಸ್ಸಾಗಲಿಲ್ಲ. ಮಂಡ್ಯದ ಅಮ್ಮ ಫೋನ್ ಮಾಡಿ 'ಧನುರ್ಮಾಸ ಶುರುವಾಯ್ತು ಮಗಾ, ಬೆಳಿಗ್ಗೆ ಬೇಗ ಎದ್ದು ಪೂಜೆ, ಹುಗ್ಗಿ' ಅಂದಿದ್ದರು. ಅದನ್ನೇ ಮಾಡೋಣ ಅಂತ ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ ಹಾಕಿ ಬೇಯಿಸಿದೆವು. ತಟ್ಟೆ ತಗೊಂಡು ಹೋಗಿ ಮಂಚದ ಹತ್ತಿರ ಇಟ್ಟು, 'ಏಳ್ಲಾ, ಹುಗ್ಗಿ ತಿನ್ನು' ಅಂದ ಮಂಡ್ಯ.

ಹುಬ್ಬಳ್ಳಿ ತಟ್ಟೆ ನೋಡಿದ. ಎದ್ದು ಕೂತ. 'ಇದೇನಲೇ?'

'ಹುಗ್ಗಿ.'

'ಇದಕ್ಕ ಹುಗ್ಗಿ ಅಂತಾರೇನಲೇ! ಹುಗ್ಗಿ ಅಂದ್ರ ಗೋಧಿ ಹುಗ್ಗಿ. ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ, ಕೊಬ್ಬರಿ, ಮ್ಯಾಲ ತುಪ್ಪ. ಜಾತ್ರ್ಯಾಗ ಕೊಪ್ಪರಿಗಿ ತುಂಬ ಮಾಡ್ತಾರ. ಇದು ಜ್ವರ ಬಂದವರಿಗೆ ಕೊಡೂದು!'

ಮಂಡ್ಯ ಬಿಡ್ತಾನಾ? ಶುರುವಾಯ್ತು. ಯಾವುದು ಹುಗ್ಗಿ, ಯಾವುದು ಪೊಂಗಲ್, ಯಾವುದು ಪಾಯಸ. ಶಿರಸಿ ಮಧ್ಯೆ ಬಾಯಿ ಹಾಕಿ ಎರಡೂ ಕಡೆಯಿಂದ ಬೈಸಿಕೊಂಡ. ಎರಡು ವಾರದಲ್ಲಿ ಹುಬ್ಬಳ್ಳಿ ಒಟ್ಟು ಆಡಿದ್ದಕ್ಕಿಂತ ಜಾಸ್ತಿ ಮಾತು ಆ ಹತ್ತು ನಿಮಿಷದಲ್ಲಿ ಆಡಿದ. ಬೈಯುತ್ತಲೇ ಎರಡು ಸಲ ಹಾಕಿಸಿಕೊಂಡು ತಿಂದ.

ತಿಂದ ಮೇಲೆ ನಾವು ಗೇರ್‌ಹಾರ್ಡ್ ಲಾಂಗ್ ಕಥೆ ಹೇಳಿದೆವು. ಅವರು ಹುಟ್ಟಿದ್ದು ಇದೇ ಸೀಮೆಯ ಮೌಲ್‌ಬ್ರಾನ್‌ನಲ್ಲಿ, ಮೋಗ್ಲಿಂಗ್ ತೀರಿಹೋದ ಅದೇ 1881ರಲ್ಲಿ. ಚಿಕ್ಕವರಿದ್ದಾಗ ಕ್ರಿಸ್‌ಮಸ್ ಯಾವಾಗ, ಯಾವಾಗ ಅಂತ ಪೀಡಿಸ್ತಿದ್ದರಂತೆ. ಅವರ ತಾಯಿ ಒಂದು ರಟ್ಟಿನ ಮೇಲೆ 24 ಪುಟ್ಟ ಬಿಸ್ಕತ್ತು ಹೊಲಿದು ಕೊಟ್ಟು, ದಿನಕ್ಕೊಂದು ತಿನ್ನು ಅಂದರು. ದೊಡ್ಡವರಾದ ಮೇಲೆ ಮ್ಯೂನಿಕ್‌ನಲ್ಲಿ ಪ್ರಿಂಟಿಂಗ್ ವ್ಯವಹಾರಕ್ಕೆ ಇಳಿದಾಗ ಅದು ನೆನಪಾಗಿ, 20ನೇ ಶತಮಾನದ ಆರಂಭದಲ್ಲಿ ಅಚ್ಚು ಹಾಕಿದ ಅಡ್ವೆಂಟ್ ಕ್ಯಾಲೆಂಡರ್ ತಂದರು. ತೆಗೆಯೋ ಬಾಗಿಲು ಬಂದಿದ್ದು ಆಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೇ ಬರ ಬಂದು ಎಲ್ಲ ನಿಂತೇ ಹೋಗಿತ್ತು. 1946ರಲ್ಲಿ ರಿಚರ್ಡ್ ಜೆಲ್ಮರ್ ಅನ್ನೋರು ಇದೇ ಸ್ಟುಟ್‌ಗಾರ್ಟ್‌ನಲ್ಲಿ ಮತ್ತೆ ಶುರು ಮಾಡಿದರು.

'ಹಂಗಾರ ಮೊದಲನೇದು ಅಂಗಡಿಯಿಂದ ತಂದಿದ್ದಲ್ಲ' ಅಂದ ಹುಬ್ಬಳ್ಳಿ. 'ಅವ್ವ ಮಾಡಿ ಕೊಟ್ಟಿದ್ದು.'

ಹೌದು ಅಂದೆವು. ಸ್ವಲ್ಪ ಹೊತ್ತು ಆ ಖಾಲಿ ಬಾಗಿಲನ್ನೇ ನೋಡುತ್ತಾ ಕೂತಿದ್ದ. ಅವತ್ತು ರಾತ್ರಿ ರೂಲ್ಸ್ ಬದಲಾಯಿತು. ಇವತ್ತು ಬಾಗಿಲು ತೆಗೆದವನು ನಾಳೆಯವನಿಗಾಗಿ ಆಟಿಕೆ ಜೊತೆಗೆ ತನ್ನ ಕಡೆಯಿಂದ ಏನಾದರೂ ಇಡಬೇಕು. ಸೂಚಿಸಿದವನು ಶಿರಸಿ. ಒಪ್ಪಿದ್ದು ಮೂವರೂ.

ಡಿಸೆಂಬರ್ 18. ಶಿರಸಿ ಬಾಗಿಲು ತೆಗೆದರೆ, ಹುಬ್ಬಳ್ಳಿ ಇಟ್ಟಿದ್ದು: ಬೆರಳುದ್ದದ ಪೊಟ್ಟಣದಲ್ಲಿ ಶೇಂಗಾ ಚಟ್ನಿ ಪುಡಿ. ಅಕ್ಟೋಬರ್‌ನಿಂದ ಯಾರಿಗೂ ಮುಟ್ಟಗೊಡದೆ ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿದ್ದ ಮಾಲು ಅದು.

ಡಿಸೆಂಬರ್ 19. ಮಂಡ್ಯನಿಗೆ ಶಿರಸಿಯಿಂದ ಒಂದು ಕೂಪನ್: 'ಇದನ್ನು ತೋರಿಸಿದವರಿಗೆ ಒಂದು ದಿನ ಪಾತ್ರೆ ತೊಳೆಯುವುದರಿಂದ ಮುಕ್ತಿ. ವರ್ಗಾಯಿಸುವಂತಿಲ್ಲ.'

ಡಿಸೆಂಬರ್ 20. ಹುಬ್ಬಳ್ಳಿಗೆ ಮಂಡ್ಯ ಇಟ್ಟಿದ್ದು ಬಾಗಿಲು ಮುಚ್ಚೋಕೇ ಆಗದೆ ರಬ್ಬರ್ ಬ್ಯಾಂಡ್ ಹಾಕಿತ್ತು. ಒಳಗೆ ಊರಿಂದ ತಂದಿದ್ದ ಬೆಲ್ಲದ ದೊಡ್ಡ ಚೂರು, ಜೊತೆಗೆ ಚೀಟಿ: 'ನಿನ್ ಹುಗ್ಗಿಗೆ. ನೋಡೇ ಬುಡಣ.'

ಡಿಸೆಂಬರ್ 21. ವರ್ಷದ ಅತಿ ಚಿಕ್ಕ ಹಗಲು. ಇಲ್ಲಿ ಎಂಟು ಗಂಟೆ ಚಿಲ್ಲರೆ ಅಷ್ಟೇ ಬೆಳಕು. ನಾಳೆಯಿಂದ ಒಂದೆರಡು ಸೆಕೆಂಡ್ ಲೆಕ್ಕದಲ್ಲಿ ಹಗಲು ಜಾಸ್ತಿ ಆಗ್ತಾ ಹೋಗುತ್ತೆ. ಹುಬ್ಬಳ್ಳಿ ಲ್ಯಾಬ್ ಪ್ರೊಫೆಸರ್‌ಗೆ ಮೇಲ್ ಬರೆದ, ಬಿಟ್ಟ ಪ್ರಯೋಗಗಳನ್ನು ಜನವರಿಯಲ್ಲಿ ಮಾಡಬಹುದಾ ಅಂತ. ನಾವು ಗ್ರಾಮರ್ ತಿದ್ದಿದೆವು. ಮಾರನೇ ದಿನ ಉತ್ತರ ಬಂತು, ಒಂದೇ ಸಾಲು: ಮಾಡಬಹುದು.

ಡಿಸೆಂಬರ್ 24. ಇಲ್ಲಿ ಹಬ್ಬ ಇವತ್ತಿನ ಸಂಜೆಯೇ. ಅದಕ್ಕೇ ಕ್ಯಾಲೆಂಡರ್‌ನಲ್ಲಿ 25 ಇಲ್ಲ. ಮಧ್ಯಾಹ್ನಕ್ಕೇ ಅಂಗಡಿ ಬಂದ್, ಮುಂದೆ ಎರಡು ದಿನ ರಜೆ. ಹೋದವರೆಲ್ಲ ಊರಿಗೆ ಹೋಗಿ ಬಿಲ್ಡಿಂಗ್ ಭಣಭಣ. ಟರ್ಕಿಯವರ ಅಂಗಡಿಯಲ್ಲಿ ಸಿಪ್ಪೆ ತೆಗೆದ ಗೋಧಿ ಸಿಗುತ್ತೆ ಅಂತ ಹುಬ್ಬಳ್ಳಿ ಹಿಂದಿನ ದಿನವೇ ಪತ್ತೆ ಮಾಡಿ ತಂದು ನೆನೆಹಾಕಿದ್ದ. ಕುಕ್ಕರ್ ಇಲ್ಲದೆ ಮೂರು ಗಂಟೆ ಬೇಯಿಸಿದ. ಊರಿನ ಅವ್ವ ವಿಡಿಯೋ ಕಾಲ್‌ನಲ್ಲಿ 'ಇನ್ನೂ ಬೇಯ್ಬೇಕು, ಇನ್ನೂ ಬೇಯ್ಬೇಕು' ಅನ್ನುತ್ತಾ ಕೊನೆಗೆ 'ಇಲ್ಲಿ ಹನ್ನೊಂದೂವರೆ ಆತೋ ಮಗನ, ನಾ ಮಲಗ್ತೀನಿ' ಅಂದರು. ಇಲ್ಲಿ ಏಳು ಗಂಟೆ.

ಮೂರರಿಂದ ಭಾಗಿಸಿದರೆ 24ನೇ ಬಾಗಿಲು ಶಿರಸಿಯದ್ದು. 'ನೀನೇ ತೆಗಿ ಮಾರಾಯ' ಅಂತ ಹುಬ್ಬಳ್ಳಿಗೆ ಬಿಟ್ಟುಕೊಟ್ಟ. ಒಳಗೆ ಸಾಂತಾ ಗೊಂಬೆ, ಟೋಪಿ ಇಲ್ಲ. ಮಂಡ್ಯ ತಕ್ಷಣ ಒಂದನೇ ತಾರೀಖಿನ ಒಂಟಿ ಚಕ್ರದ ಗಾಡಿ ತಂದು ಪಕ್ಕ ನಿಲ್ಲಿಸಿ, ಪಂಪ್‌ಸೆಟ್ ಅದರ ಮೇಲೆ ಇಟ್ಟ. ಟೋಪಿ ಇಲ್ಲದ ಸಾಂತಾ ನಾಲೆ ನೀರಿಗೆ ಮೋಟರ್ ಹೊತ್ತುಕೊಂಡು ಹೊರಟವರ ಹಾಗೆ ಕಂಡರು. ಬಾಟಲಿಯಲ್ಲಿದ್ದ ಕೊಂಬೆಯಲ್ಲಿ ಎರಡೇ ಎರಡು ಮೊಗ್ಗು ಬಾಯಿ ಬಿಟ್ಟಿದ್ದವು.

ಹುಗ್ಗಿ ಹೇಗಿತ್ತು? ಮಂಡ್ಯ ಮೂರು ಸಲ ಹಾಕಿಸಿಕೊಂಡ. 'ಪಾಯ್ಸ ಚೆನ್ನಾಗದೆ' ಅಂದ. ಜಗಳ ಮುಂದುವರಿದಿದೆ.

ಪಾತ್ರೆ ತೊಳೆದು ಬಂದು ನೋಡಿದರೆ, ಗೋಡೆಯ ಹಾಳೆಯಲ್ಲಿ ಇನ್ನೂ 73 ಅಂತಲೇ ಇತ್ತು. ಲೆಕ್ಕದ ಪ್ರಕಾರ 66 ಆಗಬೇಕಿತ್ತು. ಒಂದು ವಾರದಿಂದ ಅಳಿಸಿ ಬರೆಯೋದು ಅವನಿಗೆ ನೆನಪೇ ಆಗಿಲ್ಲ. ನಾವು ಹೇಳಲು ಹೋಗಲಿಲ್ಲ.

ಕ್ಯಾಂಪಸ್‌ನಲ್ಲಿರೋ ನಿಮ್ಮ ಗೋಡೆ ಮೇಲೂ ಒಂದು ನಂಬರ್ ಇರುತ್ತೆ ಅಂತ ಗೊತ್ತು. ಎಕ್ಸಾಮಿಗೆ ಇಷ್ಟು ದಿನ, ರಿಸಲ್ಟಿಗೆ ಇಷ್ಟು, ಪ್ಲೇಸ್‌ಮೆಂಟಿಗೆ ಇಷ್ಟು. ಅದನ್ನು ಕಿತ್ತು ಹಾಕಿ ಅಂತ ನಾವು ಹೇಳಲ್ಲ. ಪಕ್ಕದ ಮಂಚದವನ ನಂಬರ್ ಎಷ್ಟು ಅಂತ ಒಮ್ಮೆ ನೋಡಿ, ಅಷ್ಟು ಸಾಕು.

ಕ್ಯಾಲೆಂಡರ್ ಈಗ ಕಿಟಕಿ ಹತ್ತಿರ ಖಾಲಿ ನಿಂತಿದೆ. ಫೆಬ್ರವರಿ 28ರೊಳಗೆ ಎಲ್ಲ ಆಟಿಕೆ ವಾಪಸ್ ತುಂಬಿ, ಟೇಪ್ ಹಚ್ಚಿ, ಸಿಕ್ಕಿದ ಜಾಗದಲ್ಲೇ ಇಟ್ಟು ಬರಬೇಕು. ಮುಂದಿನ ಡಿಸೆಂಬರ್‌ನಲ್ಲಿ ಯಾರ ಕೈಗೆ ಸಿಗುತ್ತೋ ಗೊತ್ತಿಲ್ಲ. ಆದರೆ 17 ಖಾಲಿ ಇರಬಾರದು ಅನ್ನೋದು ಪಕ್ಕಾ. ಅದರಲ್ಲಿ ಏನಿಡೋದು ಅನ್ನೋ ಬಗ್ಗೆ ಮಾತ್ರ ಮೂವರಿಗೂ ಇನ್ನೂ ಒಮ್ಮತ ಬಂದಿಲ್ಲ.