ರಿಪೇರಿ ಮಾಡಿಸಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ರಿಪೇರಿ ಮಾಡಿಸಿ ನೋಡು ಎಂದು ಮಾತ್ರ ಹೇಳಲಿಲ್ಲ. ಬಹುಶಃ ಅವರ ಕಾಲದಲ್ಲಿ ರಿಪೇರಿಯೆಂದರೆ ಮಳೆಗಾಲಕ್ಕೆ ಮುಂಚೆ ಒಡೆದ ನಾಲ್ಕು ಹೆಂಚು ಬದಲಾಯಿಸುವುದಷ್ಟೇ ಆಗಿದ್ದಿರಬೇಕು. ಪರದೇಶದಲ್ಲಿ, ಪರರ ಮನೆಯಲ್ಲಿ ಬಾಡಿಗೆಗಿದ್ದು, ರಾತ್ರಿಯೆಲ್ಲ ದುಡಿದು ಹಗಲು ಮಲಗಬೇಕಾದವನ ತಲೆಯ ಮೇಲೆ ನಡೆಯುವ ರಿಪೇರಿಯ ಕಲ್ಪನೆ ಯಾವ ಗಾದೆಗಾರನಿಗೂ ಬಂದಿರಲಾರದು. ಆ ಭಾಗ್ಯ ನನ್ನದಾಯಿತು.

ನಮ್ಮ ತರಗತಿಯ ಕೆಲವು ಗೆಳೆಯರು ನನ್ನನ್ನು ವಿನೋದಕ್ಕೆ 'ಅಜ್ಜಯ್ಯ' ಎಂದು ಕರೆಯುತ್ತಾರೆ. ಅವರಿಗಿಂತ ನಾನು ನಾಲ್ಕೈದು ವರ್ಷ ದೊಡ್ಡವನು. ಡಿಪ್ಲೊಮಾ ಮುಗಿಸಿ, ೨೦೨೨ರಲ್ಲಿ ಸಿಂಗಪುರಕ್ಕೆ ಹೋಗಿ, ಅಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ದುಡಿದು, ಮರಳಿ ಬಂದು ಬಿ.ಎ. ತರಗತಿಗೆ ಸೇರಿದವನು ನಾನು. "ಎಲ್ಲರೂ ಹೋಗಲು ಹಾತೊರೆಯುವಾಗ ನೀನೇಕೆ ಬಂದೆ?" ಎಂದು ಕೇಳದವರಿಲ್ಲ. ಉತ್ತರವನ್ನು ಒಂದು ಮಾತಿನಲ್ಲಿ ಹೇಳಲಾರದೆ ಈ ಪ್ರಬಂಧವನ್ನು ಬರೆಯುತ್ತಿದ್ದೇನೆ.

ನಾವು ನಾಲ್ವರು ಕನ್ನಡಿಗರು ಯಿಶುನ್ ಎಂಬ ಬಡಾವಣೆಯ ಎಂಟನೆಯ ಮಹಡಿಯಲ್ಲಿ ಒಂದು ಮನೆ ಮಾಡಿಕೊಂಡಿದ್ದೆವು. ಒಬ್ಬ ಧಾರವಾಡದವನು, ಒಬ್ಬ ಕುಂದಾಪುರದವನು, ಒಬ್ಬ ಹಾಸನದವನು. ನಾನು ಸಾಗರದ ಕಡೆಯ ಹಳ್ಳಿಯವನು. ನಮ್ಮ ನಾಡಿನಲ್ಲೇ ಇದ್ದಿದ್ದರೆ ನಾವು ನಾಲ್ವರು ಒಂದು ಸೂರಿನಡಿ ಸೇರುತ್ತಿದ್ದೆವೋ ಇಲ್ಲವೋ! ಅಲ್ಲಿ ಒಬ್ಬನ ಜೋಳದ ರೊಟ್ಟಿಗೆ ಮತ್ತೊಬ್ಬನ ಕಾಯಿಚಟ್ನಿ ಹೊಂದಿಕೊಂಡಿತು.

ಆ ದೇಶದಲ್ಲಿ ಸರ್ಕಾರದ ಗೃಹಮಂಡಲಿ ೧೯೬೦ರಲ್ಲಿ ಹುಟ್ಟಿತು. ಇಂದು ಅಲ್ಲಿಯ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿನವರು ಅದು ಕಟ್ಟಿಸಿದ ಮನೆಗಳಲ್ಲೇ ವಾಸವಾಗಿದ್ದಾರೆ. ಕೊಂಡವರಿಗೂ ಮನೆ ೯೯ ವರ್ಷಗಳ ಗುತ್ತಿಗೆಗೆ ಮಾತ್ರ. ಹಳೆಯದಾದ ಮನೆಗಳ ದುರಸ್ತಿಗೆಂದು ೨೦೦೭ರಲ್ಲಿ ಒಂದು ಯೋಜನೆ ಬಂದಿತು. ಕಾಂಕ್ರೀಟು ಉದುರುತ್ತಿದ್ದರೆ ಸರಿಪಡಿಸುವುದು, ಕೊಳವೆ ಬದಲಿಸುವುದು, ಬಚ್ಚಲುಮನೆಯನ್ನು ಹೊಸದಾಗಿ ಮಾಡಿಕೊಡುವುದು ಇತ್ಯಾದಿ. ಇದರ ಒಂದು ನಿಯಮ ನನಗೆ ಬಹಳ ಹಿಡಿಸಿತು. ಕಟ್ಟಡದಲ್ಲಿ ಮನೆಯುಳ್ಳ ಪ್ರಜೆಗಳು ಮತ ಹಾಕಬೇಕು. ನೂರಕ್ಕೆ ೭೫ ಮನೆಗಳು ಒಪ್ಪಿದರೆ ಮಾತ್ರ ಕೆಲಸ ಆರಂಭ. ನಮ್ಮಂಥ ಬಾಡಿಗೆಯ ಪರದೇಶಿಗಳಿಗೆ ಮತವಿಲ್ಲ. ಧೂಳಿನಲ್ಲಿ ಮಾತ್ರ ಸಮಪಾಲು.

೨೦೨೩ರಲ್ಲಿ ನಮ್ಮ ಕಟ್ಟಡದ ಸರದಿ ಬಂದಿತು. ನಮ್ಮ ಮನೆಯ ಕೆಲಸ ಹತ್ತು ದಿನವೆಂದು ಚೀಟಿ ಅಂಟಿಸಿದ್ದರು. ಹತ್ತೇ ದಿನ ತಾನೆ ಎಂದು ನಾವು ಧೈರ್ಯ ತಂದುಕೊಂಡೆವು. ಆದರೆ ನಮ್ಮ ಮನೆಗೆ ಹತ್ತು ದಿನವಾದರೆ ಮೇಲಿನದಕ್ಕೆ ಹತ್ತು ದಿನ, ಕೆಳಗಿನದಕ್ಕೆ ಹತ್ತು ದಿನ, ಪಕ್ಕದ್ದಕ್ಕೆ ಹತ್ತು ದಿನ ಎಂಬ ಲೆಕ್ಕ ನಮಗೆ ಹೊಳೆದಿರಲಿಲ್ಲ. ಕಾಂಕ್ರೀಟು ಕೊರೆಯುವ ಯಂತ್ರ ಯಾವ ಮಹಡಿಯಲ್ಲಿ ಕೂಗಿದರೂ ಅದು ನಮ್ಮ ದಿಂಬಿನೊಳಗೇ ಕೂಗಿದಂತೆ ಕೇಳುತ್ತಿತ್ತು. ಧಾರವಾಡದ ಗೆಳೆಯ ಎದ್ದು ಕುಳಿತು, "ಏನಲೇ ಇದು, ಮನೀನೋ ಕಲ್ಲಿನ ಕ್ವಾರೀನೋ?" ಎಂದು ಗೋಡೆಯನ್ನೇ ಕೇಳುತ್ತಿದ್ದ. ಬಚ್ಚಲುಮನೆ ಒಡೆದ ದಿನಗಳಲ್ಲಿ ಟವೆಲು, ಸಾಬೂನು ಹಿಡಿದು ಕೆಳಗಿಳಿದು, ಸಾರ್ವಜನಿಕ ಸ್ನಾನದ ಗೂಡಿನ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಎರಡು ವರ್ಷ ಮುಖ ನೋಡದ ನೆರೆಹೊರೆಯವರೆಲ್ಲ ಆ ಸಾಲಿನಲ್ಲಿ ಪರಿಚಯವಾದರು.

ಮನೆಯಲ್ಲಿ ಇರಲಾಗದ್ದರಿಂದ ನಾವು ಊರು ಸುತ್ತತೊಡಗಿದೆವು. ಒಂದು ಭಾನುವಾರ ಸಿರಂಗೂನ್ ರಸ್ತೆಗೆ ಹೋಗಿ, ೧೯೪೭ರಿಂದ ನಡೆದುಬಂದಿರುವ ಕೋಮಲ ವಿಲಾಸದಲ್ಲಿ ದೋಸೆ ತಿಂದೆವು. ಮತ್ತೊಂದು ಭಾನುವಾರ ಚಾಂಗಿಯ ತುದಿಯಿಂದ ಪುಲಾವ್ ಊಬಿನ್ ಎಂಬ ದ್ವೀಪಕ್ಕೆ ಹೋದೆವು. ಆ ದೋಣಿಗೆ ವೇಳಾಪಟ್ಟಿಯಿಲ್ಲ. ಹನ್ನೆರಡು ಜನ ಸೇರಿದರೆ ಹೊರಡುತ್ತದೆ. ನಿಮಿಷಗಳನ್ನೂ ಎಣಿಸುವ ದೇಶದಲ್ಲಿ ನಮ್ಮೂರಿನ ಟೆಂಪೋವಿನ ಧರ್ಮವನ್ನು ಕಂಡು ಹಾಸನದವನಿಗೆ ಕಣ್ಣು ತುಂಬಿಬಂದಿತು. ಊಬಿನ್ ಹಿಂದೆ ಗ್ರಾನೈಟ್ ಕಲ್ಲಿನ ದ್ವೀಪ. ಗಣಿಗಳು ಮುಚ್ಚಿ ಈಗ ಹಳ್ಳಗಳಲ್ಲಿ ಹಸಿರು ನೀರು ನಿಂತಿದೆ. ಬಾಡಿಗೆಯ ಸೈಕಲ್ಲುಗಳಲ್ಲಿ ಹೋಗುತ್ತ ಒಂದು ಮರದ ಮನೆಯನ್ನು ಕಂಡೆವು. ತಗಡಿನ ಮಾಡು, ಅಂಗಳದಲ್ಲಿ ಕೋಳಿ, ಪಕ್ಕದಲ್ಲಿ ಹಲಸಿನ ಮರ. ನಾಲ್ವರೂ ಸೈಕಲ್ ನಿಲ್ಲಿಸಿದೆವು. ಯಾರೂ ಮಾತನಾಡಲಿಲ್ಲ. ಕಡೆಗೆ ಕುಂದಾಪುರದವನು, "ಹೋಪ ಮಾರಾಯಾ, ದೋಣಿ ತಪ್ಪತ್" ಎಂದ. ಆ ದೋಣಿ ತಪ್ಪುವ ದೋಣಿಯಲ್ಲವೆಂಬುದು ಅವನಿಗೂ ಗೊತ್ತಿತ್ತು.

ವಾರದ ದಿನಗಳಲ್ಲಿ ಗೆಳೆಯರು ಕೆಲಸಕ್ಕೆ ಹೋದರೆ ರಾತ್ರಿಪಾಳಿಯ ನಾನು ಒಬ್ಬಂಟಿ. ನಿದ್ದೆಗೆಂದು ಬಡಾವಣೆಯ ಗ್ರಂಥಾಲಯಕ್ಕೆ ಹೋಗತೊಡಗಿದೆ. ಅಲ್ಲಿ ಮಲಗುವಂತಿಲ್ಲ, ಆದರೆ ಮುಂದೊಂದು ಪುಸ್ತಕ ತೆರೆದಿಟ್ಟುಕೊಂಡು ತೂಕಡಿಸಿದರೆ ಕೇಳುವವರಿಲ್ಲ. ಹೀಗೆ ಕೈಗೆ ಸಿಕ್ಕಿದ್ದು ಆ ನಾಡಿನ ಚರಿತ್ರೆ. ಯಿಶುನ್ ಎಂಬುದು ಅನಾನಸು, ರಬ್ಬರು ಬೆಳೆಸಿದ ಲಿಮ್ ನೀ ಸೂನ್ ಎಂಬ ವರ್ತಕನ ಹೆಸರಿನ ಮತ್ತೊಂದು ಉಚ್ಚಾರಣೆಯೆಂದು ತಿಳಿಯಿತು. ಮಲಯದ ರಬ್ಬರು ತೋಟಗಳಿಗೆ ದಕ್ಷಿಣ ಭಾರತದಿಂದ ಹಡಗು ಹತ್ತಿ ಬಂದ ಕೂಲಿಗಳ ಕಥೆ ಓದುತ್ತ ಓದುತ್ತ ನಿದ್ದೆ ಹಾರಿಹೋಯಿತು. ಯಂತ್ರಗಳ ನಡುವೆ ಬೆಳೆದ ನನಗೆ ಚರಿತ್ರೆಯೆಂಬುದು ನನ್ನಂಥವರ ಸಮಾಚಾರವೇ ಎಂದು ತಿಳಿದದ್ದು ಅಲ್ಲಿಯೇ. ಈ ಕಾಲೇಜಿಗೆ ದಾರಿ ತೋರಿಸಿದ್ದು ಆ ಕೊರೆಯುವ ಯಂತ್ರವೆಂದರೆ ನಮ್ಮ ಚರಿತ್ರೆಯ ಮೇಷ್ಟ್ರು ನಗಬಾರದು.

ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿದವನು ಪುದುಕೋಟೆ ಕಡೆಯ ತಮಿಳು ಗಾರೆಯವನು. ಮಧ್ಯಾಹ್ನ ನಮ್ಮಲ್ಲಿ ಮಜ್ಜಿಗೆ ಕುಡಿಯುತ್ತಿದ್ದ. ಊರಿನಲ್ಲಿ ತಾನೂ ಮನೆ ಕಟ್ಟಿಸುತ್ತಿರುವುದಾಗಿ ಹೇಳಿದ. "ಅಲ್ಲಿಯೂ ಬಚ್ಚಲಿಗೆ ಇದೇ ಟೈಲ್ಸೋ?" ಎಂದು ನನಗೆ ಬರುವ ಹರಕು ತಮಿಳಿನಲ್ಲಿ ಕೇಳಿದೆ. "ಇಲ್ಲ ತಂಬಿ, ಪಡಸಾಲೆಗೆ ಹಾಕಿಸಿದ್ದೇನೆ. ಬಂದವರು ನೋಡುವುದು ಅದನ್ನಲ್ಲವೇ?" ಎಂದ. ನಾವಿಬ್ಬರೂ ನಕ್ಕೆವು.

ಪಕ್ಕದ ಮನೆಯಲ್ಲಿ ಒಬ್ಬ ಚೀನೀ ಅಜ್ಜಿ ಇದ್ದಳು. ವಯಸ್ಸಾದವರ ಮನೆಗಳಲ್ಲಿ ಬಚ್ಚಲಿನ ನೆಲ ಜಾರದಂತೆ ಲೇಪ ಕೊಟ್ಟು, ಹಿಡಿದುಕೊಳ್ಳಲು ಗೋಡೆಗೆ ಉಕ್ಕಿನ ಸರಳು ಹಾಕಿಕೊಡುವ ಏರ್ಪಾಡೂ ಅಲ್ಲಿದೆ. ಕೆಲಸ ಮುಗಿದ ದಿನ ಅಜ್ಜಿ ನನ್ನನ್ನು ಕೈಸನ್ನೆಯಿಂದ ಕರೆದು, ಸರಳು ಹಿಡಿದು ಕುಳಿತು, ಎದ್ದು, ಮತ್ತೆ ಕುಳಿತು ತೋರಿಸಿ ಮಗುವಿನಂತೆ ನಕ್ಕಳು. ನಾನು ಅದರ ಚಿತ್ರ ತೆಗೆದು ಊರಿಗೆ ಕಳುಹಿಸಿದೆ. ಆ ರಾತ್ರಿ ಫೋನಿನಲ್ಲಿ ಅಮ್ಮ, "ಚೆನಾಗಿದೆ ಮಗಾ" ಎಂದಷ್ಟೇ ಹೇಳಿದಳು. ಕೂಡಲೆ ಅಪ್ಪ ಫೋನು ತೆಗೆದುಕೊಂಡು ಅಡಿಕೆಯ ಧಾರಣೆಯನ್ನು ಕುರಿತು ಮಾತನಾಡಿದರು.

೨೦೨೪ರಲ್ಲಿ ರಜೆಯ ಮೇಲೆ ಬಂದೆ. ಬಸ್ಸಿನಿಂದಿಳಿದು ನಮ್ಮ ಮನೆಯನ್ನು ನೋಡಿ ಹಿಗ್ಗಿದೆ. ನಾನು ಕಳುಹಿಸಿದ ಹಣದಲ್ಲಿ ಮುಂಭಾಗಕ್ಕೆ ಬಣ್ಣ, ಹೊಸ ಕಬ್ಬಿಣದ ಗೇಟು! ತಿಂಗಳು ತಿಂಗಳೂ ಇವುಗಳ ಫೋಟೊ ಕೇಳಿ ತರಿಸಿಕೊಂಡಿದ್ದೆ. ಒಳಗಿನಿಂದ ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಹಿಂದಿನ ಮಳೆಗಾಲದಲ್ಲಿ ಬಚ್ಚಲಿನ ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಎರಡು ತಿಂಗಳು ಮಲಗಿದ್ದಳಂತೆ. ನಾನು ಆ ಚಿತ್ರ ಕಳುಹಿಸಿದ್ದು ಅವಳು ಹಾಸಿಗೆಯಲ್ಲಿದ್ದಾಗಲೇ. "ನನಗೇಕೆ ಹೇಳಲಿಲ್ಲ?" ಎಂದು ಕೂಗಾಡಿದೆ. "ಹೇಳಿದ್ರೆ ಏನ್ ಮಾಡ್ತಿದ್ದೆ? ಅಲ್ಲಿ ನಿಂಗೇ ನಿದ್ದೆ ಇರ್ಲಿಲ್ಲ" ಎಂದಳು.

ಕೋಪ ಮಾಡಿಕೊಳ್ಳಲು ನನಗೆ ಹಕ್ಕಿರಲಿಲ್ಲ. ಗೇಟಿನ ಫೋಟೊ ಕೇಳಿದವನು ಬಚ್ಚಲಿನ ಫೋಟೊ ಒಮ್ಮೆಯೂ ಕೇಳಿರಲಿಲ್ಲ. ಪುದುಕೋಟೆಯವನ ಮಾತಿಗೆ ನಕ್ಕದ್ದು ನೆನಪಾಯಿತು. ಪರದೇಶದಲ್ಲಿದ್ದವನು ತನ್ನ ಮನೆಯನ್ನು ಬೀದಿಯಲ್ಲಿ ನಿಂತು ನೋಡುವವನಂತೆ ನೋಡುತ್ತಾನೆ. ಒಳಗೆ ನೆಲ ಎಲ್ಲಿ ಜಾರುತ್ತದೆಂಬುದು ಒಳಗಿದ್ದವರಿಗೇ ಗೊತ್ತು. ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಮರುದಿನವೇ ಸಾಗರಕ್ಕೆ ಹೋಗಿ ಒರಟು ಟೈಲ್ಸನ್ನೂ ಒಂದು ಉಕ್ಕಿನ ಸರಳನ್ನೂ ತಂದೆ. ಗಾರೆಯವನೊಡನೆ ನಾನೂ ಕುಳಿತು ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ಮತದಾನ ನಡೆಯಲಿಲ್ಲ. ನಡೆದಿದ್ದರೆ ಅಮ್ಮ, "ದುಡ್ಡು ದಂಡ" ಎಂದು ವಿರುದ್ಧ ಮತ ಹಾಕುತ್ತಿದ್ದಳು. ಸಿಂಗಪುರದ ಕೆಲಸಕ್ಕೆ ನಾನು ಹಿಂತಿರುಗಲಿಲ್ಲ. ಮೂವರು ಗೆಳೆಯರು ಈಗಲೂ ಅಲ್ಲಿದ್ದಾರೆ. ಹಬ್ಬಕ್ಕೆ ಫೋನು ಮಾಡಿದಾಗಲೆಲ್ಲ ನಾನು ಅವರಿಗೆ, "ನಿಮ್ಮ ಮನೆಯ ಬಚ್ಚಲು ಹೇಗಿದೆ ಕೇಳಿ" ಎನ್ನುತ್ತೇನೆ. ನನಗೆ ಹುಚ್ಚೆಂದು ನಗುತ್ತಾರೆ. ಆದರೆ ಕುಂದಾಪುರದವನು ಕೇಳಿದನಂತೆ.

ಅಮ್ಮ ಇಂದಿಗೂ ಆ ಸರಳನ್ನು ಹಿಡಿದುಕೊಳ್ಳುವುದನ್ನು ನಾನು ಕಂಡಿಲ್ಲ. ಮೊದಲ ದಿನ ಬಚ್ಚಲಿನಿಂದ ಬಂದವಳು, "ಟವೆಲ್ ಒಣಗ್ಸಕ್ಕೆ ಒಳ್ಳೇದಾತು ನೋಡು" ಎಂದಳು. ಇರಲಿ. ಸರಳು ಅಲ್ಲಿದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದೆ. ನಾನೂ ಅಷ್ಟೆ.