ಎಳೆಯ ತಕರಾರು

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಬಂಡೆ, ಗದ್ದೆ, ಬಾಳೆತೋಟಗಳಿಗೆ ಆ ತಂಟೆ ಇರಲಿಲ್ಲ. ಗೊನೆ ಕಡಿದ ಬಾಳೆಗಿಡ ಸಾಮಾನ್ಯವಾಗಿ ತಿಪ್ಪೆ ಪಾಲು. ಪಕ್ಕದ ಆನೆಗೊಂದಿಯಲ್ಲಿ ಮಾತ್ರ ಅದಕ್ಕೆ ಇನ್ನೊಂದು ಬಾಳು: ಕಿಷ್ಕಿಂದಾ ಟ್ರಸ್ಟಿನಿಂದ ಕಲಿತ ಹೆಣ್ಣುಮಕ್ಕಳು ಪಟ್ಟೆ ಒಣಗಿಸಿ, ಸೀಳಿ, ಹುರಿಮಾಡಿ ಬುಟ್ಟಿ, ಚೀಲ ಹೆಣೆಯುತ್ತಾರೆ.

ಒಣಪಟ್ಟೆಯನ್ನು ಹಾಗೇ ತಿರುವಿದರೆ ಲಟಕ್ಕನೆ ಸೀಳುತ್ತದೆ. ‘ಮೊದ್ಲ ನೀರು ಚಿಮುಕಿಸ್ರಿ, ಆಮ್ಯಾಲ ಹೊಸೀರಿ’ ಎಂದರು ನನಗೆ ಹೊಸೆಯಲು ಕಲಿಸುತ್ತಿದ್ದ ಅಕ್ಕ. ಅದೇ ಒದ್ದೆ ಕೈಯಲ್ಲಿ ಹತ್ತಿಯ ಹಂಜಿ ಮುಟ್ಟಹೋದರೆ, ‘ಕೈ ಒರೆಸ್ಕೊಂಡು ಬರ್ರಿ ಅಣ್ಣಾರ!’ ಒಂದಕ್ಕೆ ನೀರೇ ಬೇಕು, ಇನ್ನೊಂದು ನೀರು ಸೋಕಿದರೆ ಗಂಟುಕಟ್ಟುತ್ತದೆ.

ತೊಡೆಯ ಮೇಲೆ ಹುರಿ ಹೊಸೆಯುವುದನ್ನು ಎಷ್ಟು ನೋಡಿದರೂ ಸಾಲದು. ಎರಡು ಎಳೆಗಳನ್ನು ಅಂಗೈ ಕೆಳಗೆ ಬೇರೆಬೇರೆಯಾಗಿ ಮುಂದಕ್ಕೆ ಹೊರಳಿಸುತ್ತಾರೆ. ಆಮೇಲೆ ಎರಡನ್ನೂ ಕೂಡಿಸಿ ಅಂಗೈ ಹಿಂದಕ್ಕೆ ಎಳೆದರೆ ಹೆಣೆದುಕೊಂಡುಬಿಡುತ್ತವೆ. ಒಂಟಿಯಾಗಿದ್ದರೆ ಎರಡೂ ಬಿಚ್ಚಿಕೊಳ್ಳುವಂಥವೇ. ಜೋಡಿಯಾದಾಗ ಒಂದು ಬಿಚ್ಚಲು ಹೊರಟರೆ ಇನ್ನೊಂದು ಬಿಗಿಯುತ್ತದೆ. ಗಂಟಿಲ್ಲ, ಅಂಟಿಲ್ಲ, ಎರಡು ಹಟಗಳು ಸೇರಿ ಒಂದು ಹಗ್ಗ.

ಹತ್ತಿ ನೂಲುವ ತಕಲಿಯದು ಬೇರೆಯೇ ಲೆಕ್ಕ. ಈ ಸೀಮೆಯ ಹಳೆಯ ಜಯಧರ ಹತ್ತಿಯ ಎಳೆ ಸುಮಾರು ಎರಡು ಸೆಂಟಿಮೀಟರ್. ಅಷ್ಟು ಗಿಡ್ಡ ಎಳೆ ಬರೀ ತಿರುವಿನ ಬಲದಲ್ಲೇ ನಿಲ್ಲಬೇಕು, ಹಾಗಾಗಿ ತಿರುವು ಹೆಚ್ಚು ಬೇಕು. ಸೋಜಿಗವೆಂದರೆ ತಿರುವು ಸಮನಾಗಿ ಹಂಚಿಹೋಗುವುದಿಲ್ಲ. ತೆಳ್ಳಗಿರುವಲ್ಲಿಗೆ ಓಡಿಹೋಗಿ ಕೂರುತ್ತದೆ, ದಪ್ಪಗಿರುವಲ್ಲಿ ಅರಳೆ ಸಡಿಲವಾಗೇ ಉಳಿಯುತ್ತದೆ. ನೂಲು ಹರಿಯುವುದು ತೆಳ್ಳಗಿರುವಲ್ಲಿ ಎಂದುಕೊಂಡಿದ್ದರೆ, ಹಂಜಿ ಜಾರಿ ಬಿಟ್ಟುಕೊಡುವುದು ಎಷ್ಟೋ ಸಲ ಆ ದಪ್ಪಗಿರುವಲ್ಲೇ.

ಉಣ್ಣೆ ಇಷ್ಟೆಲ್ಲ ಸತಾಯಿಸುವುದಿಲ್ಲ. ದಖನಿ ಕುರಿಯದು ಒರಟು, ಮೈಗೆ ಚುಚ್ಚುತ್ತದೆ. ಆದರೆ ಕೂದಲಿನ ಮೇಲೆ ಸಣ್ಣ ಹೊಪ್ಪಳೆಗಳಿವೆ, ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ಕಲಿಯುವವರ ಬೆರಳು ತಡವಾದರೂ ಕಾಯುತ್ತದೆ. ಕಂಬಳಿ ನೇಯುವ ಕುರುಬರು ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಸವರುವುದು ನೂಲಲೆಂದಲ್ಲ, ಮಗ್ಗದ ತಿಕ್ಕಾಟ ತಡೆಯಲೆಂದು.

ಹಾಗಾದರೆ ಮನುಷ್ಯನ ಕೂದಲು? ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದಲ್ಲಿ ಕೂದಲಿನದೇ ದೊಡ್ಡ ವ್ಯಾಪಾರ. ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸುತ್ತಾರೆ, ಹೋಗುವುದು ವಿಗ್ಗಿಗೆ. ಉಣ್ಣೆಗಿಂತ ಎಷ್ಟೋ ಉದ್ದವಿದ್ದೂ ಇದು ನೂಲುವವರ ಕೈಗೆ ಒಗ್ಗುವುದಿಲ್ಲ, ಯಾಕೆಂದರೆ ನುಣುಪು, ನೆಟ್ಟಗೆ, ಜಾರುತ್ತದೆ. ಉದ್ದಕ್ಕಿಂತ ಹಿಡಿತ ಮುಖ್ಯ ಅನ್ನೋಣವೆಂದರೆ, ಬಾಳೆನಾರೂ ನುಣುಪೇ. ಅಲ್ಲಿ ಉದ್ದವೇ ಕಾಯುತ್ತದೆ. ಒಂದು ನಾರಿನಲ್ಲಿ ಪಳಗಿದ ಕೈ ಇನ್ನೊಂದರ ಮುಂದೆ ಮತ್ತೆ ಒಂದನೇ ಇಯತ್ತೆ.

ಒಂದನೇ ಇಯತ್ತೆಯ ಕೈಗೂ ನೂಲು ಕೇಳಿದ ಕಾಲ ಒಂದಿತ್ತು: 1924ರ ಬೆಳಗಾವಿ ಕಾಂಗ್ರೆಸ್ಸು, ಗಾಂಧೀಜಿ ಅಧ್ಯಕ್ಷರು. ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂದಾಯಿತು. ಅದೂ ಏಕಸಮವಾಗಿ ನೂತದ್ದು! ಮನಸ್ಸಿಲ್ಲದವರು ಬೇರೆಯವರಿಂದ ನೂಲಿಸಿ ತರಬಹುದಿತ್ತು. ಮರುವರ್ಷ, ನೂಲದಿದ್ದರೆ ನಾಲ್ಕಾಣೆ ಕೊಟ್ಟರೂ ನಡೆದೀತು ಎಂದು ಸಡಿಲಿಸಿದರು. ನನ್ನ ಲಡಿ ನೋಡಿದವರು ನನ್ನನ್ನು ನಾಲ್ಕಾಣೆಯ ಸಾಲಿಗೇ ಕಳಿಸುತ್ತಿದ್ದರು.